ಒಂದೇ ಅಡ್ರೆಸ್ಸು, ಇಬ್ಬರು ಹೆಂಗಸರು

ಹೋದ ತಿಂಗಳು ಒಂದು ಬೆಳಿಗ್ಗೆ ನಾನು ಕಲ್ಯಾಣದುರ್ಗದ ಬಸ್ಸಿನಲ್ಲಿ, ಹೆಂಡತಿಯನ್ನು ವಾಪಸ್ ಕರೆತರಲು ಹೊರಟ ಗಂಡನೊಬ್ಬನ ಜೊತೆ ಕೂತಿದ್ದೆ.

(ಗಂಡ ಹೆಂಡಿರ ಜಗಳ ಅಲ್ಲ. ಜಗಳವಾಗಿದ್ದರೆ ನನ್ನನ್ನು ಯಾಕೆ ಕರೆಯುತ್ತಿದ್ದರು? ನಾನು ರಿಪೇರಿ ಮಾಡುವುದು ಕಂಪ್ಯೂಟರುಗಳನ್ನು ಮಾತ್ರ ಎಂದು ಈ ಅಂಕಣ ಓದುವ ನಿಮಗೆಲ್ಲ ಗೊತ್ತೇ ಇದೆ.)

ಆತನ ಹೆಸರು ತಿಪ್ಪೇಸ್ವಾಮಿ. ರಾಯದುರ್ಗದಲ್ಲಿ ನಮ್ಮ ಬೀದಿಯವರೇ. ಹೆಂಡತಿ ಶಾರದಮ್ಮ. ಇಬ್ಬರೂ ಒಂದೇ ಜೀನ್ಸ್ ಯೂನಿಟ್ಟಿನಲ್ಲಿ ಕೆಲಸಕ್ಕಿದ್ದವರು. ಆತ ಇಸ್ತ್ರಿ, ಆಕೆ ಹೊಲಿಗೆ. ಪ್ಯಾಂಟಿಗೆ ಹಿಂದಿನ ಜೇಬು ಕೂರಿಸುವುದರಲ್ಲಿ ಶಾರದಮ್ಮನನ್ನು ಮೀರಿಸುವವರು ಆ ಯೂನಿಟ್ಟಿನಲ್ಲಿ ಇರಲಿಲ್ಲ.

ಆಮೇಲೆ ಆಕೆಯ ಕಣ್ಣಿನೊಳಗಿನ ಒತ್ತಡ ಏರತೊಡಗಿತು. ನೋವಿಲ್ಲದ ಕಾಯಿಲೆ. ಹಾಗಾಗಿ ಗೊತ್ತಾಗಲೇ ಇಲ್ಲ. ಮೊದಲು ಪಕ್ಕದ ಮಿಷನ್ನಿನಲ್ಲಿ ಕೂತವರು ಕಾಣದಾದರು. ಆಮೇಲೆ ಬಟ್ಟೆಯ ಅಂಚು. ಕೊನೆಗೆ ಸೂಜಿ. ಬಳ್ಳಾರಿ, ಅನಂತಪುರ ಎಲ್ಲ ಕಡೆ ತೋರಿಸಿದರು. ಹೋದದ್ದು ತಿರುಗಿ ಬರುವುದಿಲ್ಲ ಎಂದು ಡಾಕ್ಟರು ಮೆಲ್ಲಗೆ ಹೇಳಿದರಂತೆ. ಎಷ್ಟು ಮೆಲ್ಲಗೆ ಹೇಳಿದರೇನು?

ಆ ಮನೆಗೆ ನಾನು ಒಂದು ಸುದ್ದಿ ತೆಗೆದುಕೊಂಡು ಹೋಗಿದ್ದೆ. ಮಡಕಶಿರಾದಲ್ಲಿ ದೃಷ್ಟಿ ಇಲ್ಲದ ಹೆಂಗಸರಿಗೆ ಕಂಪ್ಯೂಟರ್ ಕಲಿಸುವ ಪುಟ್ಟ ತರಬೇತಿ ಕೇಂದ್ರ ಒಂದಿದೆ. ಅಲ್ಲೇ ಊಟ, ಅಲ್ಲೇ ವಸತಿ. ಅಲ್ಲಿನ ಕಂಪ್ಯೂಟರುಗಳು ಮೊಂಡಾಟ ಮಾಡಿದಾಗ ಅವರು ಫೋನ್ ಮಾಡುವುದು ನನಗೆ. ಅಲ್ಲಿ ಕಲಿಸುವುದು ಫೋನಿನಲ್ಲಿ ಜನ ಹೇಳುವ ದೂರುಗಳನ್ನು ಕೇಳಿಸಿಕೊಂಡು ಟೈಪ್ ಮಾಡುವ ಕೆಲಸ. ಕನ್ನಡ, ತೆಲುಗು ಎರಡೂ ಬಂದರೆ ಒಳ್ಳೆಯದು. ಆಂಧ್ರದ ಗಡಿಯಲ್ಲಿರುವ ನಮ್ಮ ಕಡೆ ಎರಡೂ ಬಾರದವರು ಯಾರಿದ್ದಾರೆ ಹೇಳಿ? ಒಂದು ಕಂಪನಿ ಟೆಸ್ಟ್ ಮಾಡಿ, ಪಾಸಾದವರಿಗೆ ಕೆಲಸ ಕೊಡುತ್ತಿತ್ತು.

ಶಾರದಮ್ಮ ಒಲ್ಲೆ ಎಂದರು. ತಿಪ್ಪೇಸ್ವಾಮಿಯೇ ಒತ್ತಾಯ ಮಾಡಿ ಕಳಿಸಿದರು. ಬ್ಯಾಚು ಶುರುವಾದ ಮೇಲೆ, ಎಲ್ಲರಿಗಿಂತ ಕೊನೆಗೆ ಸೇರಿದವರು ಈಕೆ.

ಈಗ ಅದೇ ತಿಪ್ಪೇಸ್ವಾಮಿ ಬೆಳಿಗ್ಗೆ ಬೆಳಿಗ್ಗೆ ನಮ್ಮ ಬಾಗಿಲಲ್ಲಿ ನಿಂತಿದ್ದರು.

"ಏನ್ ಮಾಡ್ಲಿರಿ ಮೇಡಂ, ದಿನಾ ಫೋನಿನ್ಯಾಗ ಅಳ್ತಾಳ್ರಿ. ನನಗ ಬರಂಗಿಲ್ಲ, ನನ್ನ ಕರ್ಕೊಂಡ್ ಹೋಗು ಅಂತಾಳ. ಕಣ್ಣು ಹೋದಾಗೂ ಇಷ್ಟು ಅತ್ತಿರಲಿಲ್ರಿ ಆಕಿ. ಸಾಕ್ರಿ, ಕರ್ಕೊಂಡೇ ಬರ್ತೀನಿ."

ಹಿಂದಿನ ದಿನವಷ್ಟೇ ಕೇಂದ್ರದ ನಾಗರಾಜು ಸಾರ್ ಕೂಡ ನನಗೆ ಫೋನ್ ಮಾಡಿದ್ದರು. ಒಂದು ಸೀಟಿನಲ್ಲಿ ಕನೆಕ್ಷನ್ ಬಿಟ್ಟು ಬಿಟ್ಟು ಹೋಗುತ್ತಿದೆ, ಬಹುಶಃ ಆಯಮ್ಮನೇ ಏನೋ ಒತ್ತುತ್ತಿದ್ದಾರೆ, ಆದರೂ ಒಮ್ಮೆ ನೋಡಿ ಹೋಗಿ ಎಂದು. ಯಾವ ಸೀಟು ಎಂದು ನಾನು ಕೇಳಿರಲಿಲ್ಲ. ಈಗ ಕೇಳುವ ಅಗತ್ಯವೂ ಇರಲಿಲ್ಲ.

"ನಾನೂ ಬರ್ತೀನಿ ನಡೀರಿ" ಎಂದೆ.

ಕಲ್ಯಾಣದುರ್ಗದಲ್ಲಿ ಬಸ್ಸು ಬದಲಿಸಿ ಕೂತ ಮೇಲೆ ತಿಪ್ಪೇಸ್ವಾಮಿ ಕೇಳಿದರು. "ಮೇಡಂ, ವಯಸ್ಸಾದ ಮ್ಯಾಲೆ ಹೊಸಾದು ಕಲಿಯಾದು ಆಗಂಗಿಲ್ಲೇನ್ರಿ?" ಶಾರದಮ್ಮನಿಗೆ ಇನ್ನೂ ನಲವತ್ತಾಗಿಲ್ಲ. ನಾನು ಅದಕ್ಕಿಂತ ಎಷ್ಟೋ ದೊಡ್ಡವಳು, ಈಗಲೂ ವಾರಕ್ಕೊಂದು ಹೊಸ ತಲೆನೋವು ಕಲಿಯುತ್ತಿದ್ದೇನೆ. ಹಾಗೆಂದೆ. ನಕ್ಕರು. ಕಿಟಕಿಯ ಕಡೆ ಮುಖ ಮಾಡಿ ನಕ್ಕರು.

ಮಡಕಶಿರಾದ ಆ ಕೇಂದ್ರಕ್ಕೆ ಮೊದಲ ಸಲ ಹೋದವರು ಸ್ವಲ್ಪ ತಬ್ಬಿಬ್ಬಾಗುತ್ತಾರೆ. ಕಂಪ್ಯೂಟರ್ ಕ್ಲಾಸು, ಆದರೆ ಒಂದೇ ಒಂದು ಮಾನಿಟರ್ ಇಲ್ಲ! ಯಾರಿಗೆ ಬೇಕು ಅಲ್ಲಿ? ಉದ್ದನೆಯ ಮೇಜಿನ ಮೇಲೆ ಸಾಲಾಗಿ ಕೀಬೋರ್ಡು, ಹೆಡ್‌ಫೋನು, ಊಟದ ಡಬ್ಬಿಯಷ್ಟು ಒಂದು ಪೆಟ್ಟಿಗೆ. ಅಷ್ಟೇ. ಟೈಪ್ ಮಾಡಿದ್ದನ್ನು, ಪರದೆಯ ಮೇಲೆ ಬರಬೇಕಾದ್ದನ್ನು ಒಂದು ಸಾಫ್ಟ್‌ವೇರ್ ಕಿವಿಯಲ್ಲಿ ಓದಿ ಹೇಳುತ್ತದೆ. ಆ ದನಿಯನ್ನು ನಂಬಿಕೊಂಡೇ ಅವರ ಕೆಲಸವೆಲ್ಲ.

ನಿಜವಾದ ಕಂಪ್ಯೂಟರು ಹಿಂದಿನ ಕೋಣೆಯಲ್ಲಿದೆ. ಒಂದೇ ಒಂದು, ದೊಡ್ಡದು. ಅದರ ಹೊಟ್ಟೆಯೊಳಗೆ ಸಾಫ್ಟ್‌ವೇರಿನಿಂದಲೇ ಮಾಡಿದ ಬೇರೆ ಬೇರೆ ಕಂಪ್ಯೂಟರುಗಳಿವೆ. ವರ್ಚುವಲ್ ಮಷೀನ್ ಎನ್ನುತ್ತೇವೆ. ಒಬ್ಬೊಬ್ಬರಿಗೆ ಒಂದೊಂದು. ಒಂದನ್ನು ಸರಿಯಾಗಿ ತಯಾರು ಮಾಡಿಕೊಂಡರೆ ಸಾಕು, ಹೊಸಬರು ಬಂದಾಗ ಅದರ ನಕಲು ತೆಗೆದು ಕೊಡಬಹುದು. ಅದನ್ನು ಕ್ಲೋನ್ ಎನ್ನುತ್ತಾರೆ.

(ತಾಂತ್ರಿಕ ಪಾಠ ಇಲ್ಲಿಗೆ ಮುಗಿಯಿತು. ಇನ್ನೊಂದು ಚಿಕ್ಕದು ಮುಂದೆ ಬರುತ್ತದೆ, ಸಹಿಸಿಕೊಳ್ಳಿ.)

ಶಾರದಮ್ಮ ವರಾಂಡದಲ್ಲೇ ಕೂತಿದ್ದರು. ಪಕ್ಕದಲ್ಲಿ ಕಟ್ಟಿಟ್ಟ ಬ್ಯಾಗು. ಗಂಡನ ಚಪ್ಪಲಿಯ ಸಪ್ಪಳಕ್ಕೇ ಎದ್ದು ನಿಂತರು.

"ಬಂದ್ರೇನು? ನಡೀರಿ ಹೋಗಾಮು."

"ಶಾರದಮ್ಮ, ನಾನೂ ಬಂದೀನಿ" ಎಂದೆ.

ಆಕೆಯ ಮುಖ ಇಳಿಯಿತು. "ನೀವ್ಯಾಕ ಬರಾಕ ಹೋದ್ರಿ ಮೇಡಂ? ನಿಮ್ಮ ಹೆಸರು ಕೆಡಿಸಿಬಿಟ್ಟೆ ನಾನು. ನಿಮ್ಮ ಮಾತು ಕೇಳಿ ಸೀಟು ಕೊಟ್ಟಿದ್ರು ಪಾಪ."

ನಾಗರಾಜು ಸಾರ್ ಒಳಗಿನಿಂದ ಬಂದರು. ಅವರಿಗೂ ಹುಟ್ಟಿನಿಂದ ದೃಷ್ಟಿ ಇಲ್ಲ. ಆದರೆ ಆ ಹಾಲಿನಲ್ಲಿ ಯಾವ ಸೀಟಿನಿಂದ ಎಷ್ಟು ವೇಗವಾಗಿ ಕೀಲಿ ಬೀಳುತ್ತಿದೆ ಎಂದು ನಿಂತಲ್ಲೇ ಹೇಳಬಲ್ಲ ಮೇಷ್ಟ್ರು. ಒಳ್ಳೆಯವರು. ಸ್ವಲ್ಪ ಸಿಡುಕು.

"ನಾನೂ ಎಷ್ಟ್ ಸಲ ಅಂತ ಹೇಳ್ಕೊಡ್ಲಿ ಮೇಡಂ? ನೆಟ್ಟಗೆ ಟೈಪ್ ಮಾಡ್ತಾ ಮಾಡ್ತಾನೇ ಇರ್ತಾರೆ, ಇದ್ದಕ್ಕಿದ್ದಂಗೆ ಎಲ್ಲಾ ಹೋಗ್ಬುಡ್ತದೆ. ಯಾವ್ದೋ ಕೀ ಒತ್ತಿ ಕ್ಲೋಸ್ ಮಾಡ್ಕಂತಾರೆ. ಮಿಕ್ಕೋರಿಗ್ ಯಾರಿಗೂ ಈ ಕಂಪ್ಲೇಂಟಿಲ್ಲ. ಸೋಮವಾರ ಟೆಸ್ಟು ಬೇರೆ."

ಶಾರದಮ್ಮ ತಲೆ ತಗ್ಗಿಸಿದರು. ಯಾರಿಗೂ ಇಲ್ಲದ ಕಂಪ್ಲೇಂಟು ನಿನಗೊಬ್ಬಳಿಗೆ ಯಾಕೆ? ಈ ಪ್ರಶ್ನೆಯನ್ನು ನಮ್ಮಲ್ಲಿ ಎಷ್ಟು ಜನ ಎಷ್ಟು ಸಲ ಕೇಳಿಸಿಕೊಂಡಿದ್ದೇವೆ!

ನಾನು ಒಳಗೆ ಹೋಗಿ ಆಕೆಯ ಸೀಟಿನಲ್ಲಿ ಕೂತೆ. ಹೆಡ್‌ಫೋನ್ ಹಾಕಿಕೊಂಡೆ. ಟೈಪ್ ಮಾಡಿದೆ. ದನಿ ಸ್ಪಷ್ಟವಾಗಿ ಓದಿತು. ಇನ್ನೊಂದು ಪುಟ ತೆರೆದೆ, ಮುಚ್ಚಿದೆ, ಮತ್ತೆ ತೆರೆದೆ. ಒಂದು ಸಣ್ಣ ತೊಡಕೂ ಇಲ್ಲ. ನೀರು ಹರಿದಂತೆ ನಡೆಯಿತು.

ಮೆಕ್ಯಾನಿಕ್ಕಿನ ಮುಂದೆ ಯಾವ ಯಂತ್ರವೂ ಕೆಡುವುದಿಲ್ಲ. ಇದು ನನ್ನ ಕಸುಬಿನ ಶಾಪ. ನಿಮ್ಮ ಮಿಕ್ಸಿಯೂ ಹೀಗೇ ಮಾಡಿರುತ್ತದೆ.

ಆದರೆ ಅವತ್ತು ನನಗೆ ನಗು ಬರಲಿಲ್ಲ. ಯಾಕೆಂದರೆ ಶಾರದಮ್ಮ ಬೆನ್ನ ಹಿಂದೆ ನಿಂತು ಕೇಳಿಸಿಕೊಳ್ಳುತ್ತಿದ್ದರು. ಹೆಡ್‌ಫೋನಿನಿಂದ ಸೋರಿ ಬರುವ ದನಿ ಎಲ್ಲೂ ನಿಲ್ಲದ್ದು ಅವರಿಗೂ ಗೊತ್ತಾಯಿತು.

"ನೋಡ್ರಿ" ಎಂದರು ಗಂಡನಿಗೆ, ತೀರಾ ಮೆಲ್ಲಗೆ. "ಮೇಡಂ ಮಾಡಿದ್ರ ಬರ್ತದ. ನಾ ಮಾಡಿದ್ರ ಬರಂಗಿಲ್ಲ. ನಾ ಹೇಳಿದ್ದು ಸುಳ್ಳೇನು?"

ತಿಪ್ಪೇಸ್ವಾಮಿ ಹೆಂಡತಿಯ ಭುಜದ ಮೇಲೆ ಕೈ ಇಟ್ಟರು.

ಏನು ಮಾಡಬೇಕೆಂದು ತಿಳಿಯದಾಗ ನಾನು ಕೇಬಲ್ ನೋಡುತ್ತೇನೆ. ಅದು ಹಳೆಯ ಅಭ್ಯಾಸ. ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿಕೊಂಡು, ಮೊಣಕಾಲೂರಿ ಮೇಜಿನ ಕೆಳಗೆ ತೂರಿದೆ. (ಈ ವಯಸ್ಸಿಗೆ ಕೆಳಗೆ ಹೋಗುವುದು ಸುಲಭ. ಮೇಲೆ ಏಳುವುದೇ ಒಂದು ಪ್ರಾಜೆಕ್ಟು.) ಶಾರದಮ್ಮನ ಸೀಟಿನ ವೈರುಗಳೆಲ್ಲ ಗಟ್ಟಿಯಾಗಿದ್ದವು.

ಪಕ್ಕದ ಸೀಟಿನದು ಹಾಗಿರಲಿಲ್ಲ. ಆ ಕೀಬೋರ್ಡಿನ ವೈರು ಪೆಟ್ಟಿಗೆಯಿಂದ ಕಳಚಿ ಕೆಳಗೆ ನೇತಾಡುತ್ತಿತ್ತು.

ಅರೆ! ಮೇಲೆ ನೋಡಿದರೆ ಟಕ ಟಕ, ಟಕ ಟಕ ಎಂದು ಟೈಪಿಂಗ್ ಜೋರಾಗಿ ನಡೆದೇ ಇದೆ.

ಆ ಸೀಟು ಲಕ್ಷ್ಮೀದೇವಿಯದು. ಅಗಳಿ ಕಡೆಯ ಹುಡುಗಿ, ಇಪ್ಪತ್ತೈದರ ಆಸುಪಾಸು. ಬ್ಯಾಚಿನ ಶುರುವಿನಲ್ಲಿ ಎಲ್ಲರಿಗಿಂತ ಚುರುಕು ಎಂದು ನಾಗರಾಜು ಸಾರ್ ಹೊಗಳುತ್ತಿದ್ದುದು ಈಕೆಯನ್ನೇ. ಇತ್ತೀಚೆಗೆ ಮೈಗಳ್ಳಿಯಾಗಿದ್ದಾಳೆ, ಕೊಟ್ಟ ಪಾಠದಲ್ಲಿ ಅರ್ಧವನ್ನೂ ಮುಗಿಸುವುದಿಲ್ಲ ಎಂದು ಫೋನಿನಲ್ಲಿ ಬೈದದ್ದೂ ಈಕೆಯನ್ನೇ.

ಪಾಪ, ವೈರು ಕಳಚಿದ್ದು ಗೊತ್ತಿಲ್ಲದೆ ಬಡಿಯುತ್ತಿದ್ದಾಳೆ ಎಂದುಕೊಂಡು ಸಿಕ್ಕಿಸಿದೆ.

ಮೇಲೆ ಕೀಲಿ ಸದ್ದು ಗಕ್ಕನೆ ನಿಂತಿತು. ಆದರೆ ಅಷ್ಟರಲ್ಲಿ ಆಕೆಯ ಕಂಪ್ಯೂಟರು ಒತ್ತಿದ ಅಕ್ಷರಗಳನ್ನೆಲ್ಲ ಗಟ್ಟಿಯಾಗಿ ಓದತೊಡಗಿತ್ತು. ಅದೇ ಕ್ಷಣಕ್ಕೆ, ನನ್ನ ಕೊರಳಿಗೆ ಜೋತುಬಿದ್ದು, ತೆರೆದಿಟ್ಟ ಪುಟವನ್ನು ಓದುತ್ತಲೇ ಇದ್ದ ಶಾರದಮ್ಮನ ಹೆಡ್‌ಫೋನು ಅರ್ಧ ಶಬ್ದದಲ್ಲೇ ಮೂಕವಾಯಿತು.

ವೈರು ಕಿತ್ತೆ. ಸ್ವಲ್ಪ ಹೊತ್ತಿಗೆ ಶಾರದಮ್ಮನ ಕಂಪ್ಯೂಟರು ಮತ್ತೆ ಮಾತಾಡಿತು. ಸಿಕ್ಕಿಸಿ, ಆ ಹುಡುಗಿಯ ಕೀಬೋರ್ಡಿಗೆ ಕೈ ಚಾಚಿ ನಾನೇ ನಾಲ್ಕು ಅಕ್ಷರ ಒತ್ತಿದೆ. ಮತ್ತೆ ಮೂಕ.

ಮೇಜಿನ ಕೆಳಗೆ ಕೂತೇ ತಲೆ ಎತ್ತಿ ನೋಡಿದೆ. ಲಕ್ಷ್ಮೀದೇವಿ ಉಸಿರು ಬಿಗಿಹಿಡಿದು ಕೂತಿದ್ದಳು. ಎರಡೂ ಕೈ ಮಡಿಲಲ್ಲಿ. ವೈರು ತಾನಾಗಿ ಕಳಚಿದ್ದಲ್ಲ ಎಂದು ಅವಳ ಮುಖವೇ ಹೇಳುತ್ತಿತ್ತು.

ಅಲ್ಲಿ ಎಲ್ಲರ ಮುಂದೆ ಕೇಳಲು ಮನಸ್ಸಾಗಲಿಲ್ಲ. ಊಟದ ಗಂಟೆಯಾದಾಗ "ಬಾಮ್ಮ, ಕೈ ತೊಳೆಯೋ ಜಾಗ ತೋರಿಸು" ಎಂದು ಕರೆದುಕೊಂಡು ಹೋದೆ. ಹಿತ್ತಲಿನ ಹೊಂಗೆ ಮರದ ಕೆಳಗೆ ನಲ್ಲಿ.

"ಲಕ್ಷ್ಮೀ, ವೈರು ನೀನೇ ಕೀಳ್ತಿದ್ದೀಯಲ್ಲ?"

ಅವಳು ನನ್ನ ಕೈ ಹುಡುಕಿ ಹಿಡಿದುಕೊಂಡಳು.

"ಸಾರ್‌ಗೆ ಹೇಳ್ಬ್ಯಾಡ ಕಣಕ್ಕಾ."

"ಹೇಳಲ್ಲ. ಯಾಕೆ ಕೀಳ್ತೀಯ ಅದನ್ನ ಹೇಳು."

"ನಾನ್ ಟೈಪ್ ಮಾಡಕ್ ಶುರು ಮಾಡ್ದೇಟ್ಗೆ ಶಾರದಕ್ಕನ್ ಕಂಪ್ಯೂಟ್ರು ಬಾಯ್ ಮುಚ್ಕಂತದೆ. ನಾನ್ ನಿಲ್ಸುದ್ರೆ ಅವಕ್ಕಂದು ಮಾತಾಡ್ತದೆ. ಮೊದ್ಲು ನಂಗೂ ತಿಳೀಲಿಲ್ಲ. ಅವಕ್ಕ ಪಕ್ದಲ್ಲೇ ಕುಂತು 'ಮತ್ತ ಹೋತು, ಮತ್ತ ಹೋತು' ಅಂತ ಅಳಾದ್ ಕೇಳಿ ಕೇಳಿ ಆಮೇಲ್ ಗೊತ್ತಾಯ್ತು. ಅದ್ಕೇ ಅವಕ್ಕ ಪಾಠ ಮಾಡೋವಾಗ ನಾನು ವೈರ್ ಕಿತ್ತಾಕಿ ಸುಮ್ನೆ ಕೀ ಒತ್ಕಂಡ್ ಕುಂತಿರ್ತೀನಿ. ಸದ್ದಿಲ್ದಿದ್ರೆ ಸಾರ್‌ಗೆ ಗೊತ್ತಾಗ್‌ಬುಡ್ತದಲ್ಲ."

ಆ ಕಿವಿಯ ಮೇಷ್ಟ್ರನ್ನು ಏಮಾರಿಸಲು ಕೀಲಿಯ ಸದ್ದು! ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

"ದಿನವೆಲ್ಲ ಹಾಗೇ ಕೂರ್ತೀಯಾ?"

"ದಿನವೆಲ್ಲ ಎಂಗಾಯ್ತದಕ್ಕಾ? ನಾನೂ ಸಾರ್‌ಗೆ ಪಾಠ ತೋರುಸ್ಬೇಕಲ್ಲ. ಆವಾಗ ಸಿಕ್ಕುಸ್ಕಂತೀನಿ. ಅಷ್ಟೊತ್ತು ಅವಕ್ಕಂಗೆ ಕಷ್ಟ."

"ಇದನ್ನ ಮೊದಲೇ ಹೇಳಬಾರದಿತ್ತೇನೇ? ರಿಪೇರಿ ಮಾಡ್ತಿದ್ದೆವಲ್ಲ."

ಅದಕ್ಕೆ ಅವಳು ಕೊಟ್ಟ ಉತ್ತರ ಕೇಳಿ.

"ಇಬ್ರಲ್ಲಿ ಒಬ್ರುಗೇ ಜಾಗ ಐತೆ ಅಂದ್ಬುಟ್ರೆ? ಕೊನೇಗ್ ಬಂದೋರು ಶಾರದಕ್ಕ. ಅವಕ್ಕನ್ನೇ ತಾನೇ ಮನೆಗ್ ಕಳ್ಸಾದು?"

ಅವಳ ಲೆಕ್ಕ ತಪ್ಪು ಎನ್ನಲು ನನ್ನ ಹತ್ತಿರ ಏನಿತ್ತು? ಹುಟ್ಟಿದಾಗಿನಿಂದ ಅವಳು ಕಂಡ ಜಗತ್ತು ಅಂಥದ್ದೇ ಇರಬೇಕು. ಶಾಲೆಯಲ್ಲಿ, ಬಸ್ಸಿನಲ್ಲಿ, ಮದುವೆ ಮನೆಯ ಸಾಲಿನಲ್ಲಿ, ಜಾಗ ಸಾಲದು ಎಂದಾಗೆಲ್ಲ ಮೊದಲು ಎದ್ದು ನಿಲ್ಲಬೇಕಾದವರು ಯಾರು ಎಂದು ಅವಳಿಗೆ ಚೆನ್ನಾಗಿ ಗೊತ್ತು. ಆದರೂ ಈ ಸಲ ತನ್ನ ಕೈಲಾದಷ್ಟು ಜರುಗಿ ಕೂತು ಇನ್ನೊಬ್ಬಳಿಗೆ ಜಾಗ ಮಾಡಿಕೊಟ್ಟಿದ್ದಳು. ಅದೂ ತನ್ನ ಟೆಸ್ಟು ಹತ್ತಿರ ಬರುತ್ತಿರುವಾಗ. ಬೈಸಿಕೊಂಡು.

"ಯಾರೂ ಮನೆಗೆ ಹೋಗಲ್ಲ. ನೀನು ಮೊದಲು ಊಟ ಮಾಡು" ಎಂದೆ.

ಊಟ ಬಿಟ್ಟು ನಾನು ಹಿಂದಿನ ಕೋಣೆಗೆ ಹೋದೆ. ನನ್ನ ಲ್ಯಾಪ್‌ಟಾಪನ್ನು ಆ ದೊಡ್ಡ ಕಂಪ್ಯೂಟರಿಗೆ ಜೋಡಿಸಿದೆ.

ಈಗ ಎರಡನೇ ಪಾಠ. ಪ್ರತಿ ಕಂಪ್ಯೂಟರಿಗೂ ಎರಡು ಗುರುತುಗಳಿರುತ್ತವೆ. ಒಂದು ನಾವು ಕೊಡುವ ನಂಬರು. ಬೇಕೆಂದಾಗ ಬದಲಿಸಬಹುದು. ಅದನ್ನು ಎಲ್ಲರಿಗೂ ಬೇರೆ ಬೇರೆ ಕೊಟ್ಟಿದ್ದರು, ಅದು ಸರಿಯಾಗಿಯೇ ಇತ್ತು. ಇನ್ನೊಂದು ಅದರ ನೆಟ್‌ವರ್ಕ್ ಕಾರ್ಡಿಗೇ ಅಂಟಿಕೊಂಡ ಅಡ್ರೆಸ್ಸು. ಸಾಮಾನ್ಯವಾಗಿ ಅದರ ಗೊಡವೆಗೆ ಯಾರೂ ಹೋಗುವುದಿಲ್ಲ. ಒಂದು ನೆಟ್‌ವರ್ಕಿನೊಳಗೆ ಎರಡು ಕಂಪ್ಯೂಟರಿಗೆ ಒಂದೇ ಅಡ್ರೆಸ್ಸು ಇದ್ದರೆ ಏನಾಗುತ್ತದೆ? ನಮ್ಮ ಬೀದಿಯಲ್ಲಿ ಇಬ್ಬರು ಒಂದೇ ಹೆಸರಿನವರಿದ್ದರೆ ಪೋಸ್ಟ್‌ಮ್ಯಾನ್ ಏನು ಮಾಡುತ್ತಾನೋ ಅದೇ. ಕೊನೆಯ ಸಲ ಯಾರು ಮಾತಾಡಿಸಿದರೋ ಅವರ ಕೈಗೇ ಎಲ್ಲವನ್ನೂ ಕೊಡುತ್ತಾನೆ. ಇನ್ನೊಬ್ಬರು ಕಾಯುತ್ತಾ ಕೂರುತ್ತಾರೆ.

ಯಾವ ನಂಬರಿಗೆ ಯಾವ ಅಡ್ರೆಸ್ಸು ಎಂದು ತೋರಿಸುವ ಒಂದು ಕಮಾಂಡ್ ಇದೆ. ಒತ್ತಿದೆ. ಶಾರದಮ್ಮನ ಕಂಪ್ಯೂಟರಿನ ಅಡ್ರೆಸ್ಸು ಓದಿಕೊಂಡೆ. ಲಕ್ಷ್ಮೀದೇವಿಯದನ್ನು ಓದಿಕೊಂಡೆ. ಒಂದಕ್ಷರವೂ ಬೇರೆ ಇರಲಿಲ್ಲ.

"ಸಾರ್, ಶಾರದಮ್ಮನ ಮಷೀನು ಯಾವಾಗ ಮಾಡಿದಿರಿ?" ಎಂದು ಕೇಳಿದೆ.

ನಾಗರಾಜು ಸಾರ್ ಬಾಗಿಲಲ್ಲಿ ನಿಂತಿದ್ದರು. "ಆಯಮ್ಮ ಬಂದ್ ದಿನಾನೇ. ಲಕ್ಷ್ಮೀದು ಚೆನ್ನಾಗ್ ನಡೀತಿತ್ತಲ್ಲ, ಅದುನ್ನೇ ಕ್ಲೋನ್ ಮಾಡ್ಕೊಟ್ಟೆ. ನಂಬರ್ ಬೇರೆ ಹಾಕಿದೀನಲ್ಲ ಮೇಡಂ?"

"ನಂಬರ್ ಬೇರೆ ಇದೆ ಸಾರ್. ಕ್ಲೋನ್ ಮಾಡುವಾಗ ಹಾರ್ಡ್‌ವೇರ್ ಅಡ್ರೆಸ್ಸು ಹಳೆಯದೇ ಇರಲೋ, ಹೊಸದು ಮಾಡಲೋ ಎಂದು ಕೇಳುವ ಒಂದು ಜಾಗ ಇದೆ. ಅದರಲ್ಲಿ 'ಹಳೆಯದೇ' ಎಂದು ಆಯ್ಕೆಯಾಗಿದೆ."

ಅವರ ಹುಬ್ಬು ಗಂಟಿಕ್ಕಿತು. ನಾನು ಕ್ಲೋನ್ ಮಾಡುವ ಆ ಕಿಟಕಿಯನ್ನು ಪರದೆಯ ಮೇಲೆ ತೆರೆದೆ. ಅವರು ತಮ್ಮ ಹೆಡ್‌ಫೋನು ಹಾಕಿಕೊಂಡು ಒಂದೊಂದೇ ಕೀಲಿ ಒತ್ತುತ್ತಾ ಕೇಳಿಸಿಕೊಂಡರು. ಹೊಸ ಮಷೀನಿನ ಹೆಸರನ್ನು ದನಿ ಓದಿತು. ಇಡಬೇಕಾದ ಜಾಗವನ್ನು ಓದಿತು. ಅಡ್ರೆಸ್ಸಿನ ಸಾಲಿಗೆ ಬಂದಾಗ ಏನನ್ನೂ ಓದದೆ ನೇರವಾಗಿ ಮುಂದಿನ ಸಾಲಿಗೆ ಹಾರಿತು.

ಹಿಂದೆ ಹೋದರು. ಮತ್ತೆ ಒತ್ತಿದರು. ಮತ್ತೆ ಹಾರಿತು.

"ನಂಗೆ ಓದ್ಲೇ ಇಲ್ವಲ್ಲ ಮೇಡಂ ಇದು!" ಎಂದರು. "ಅಲ್ಲೊಂದು ಪ್ರಶ್ನೆ ಐತೆ ಅಂತಾನೇ ನಂಗೆ ಗೊತ್ತಿಲ್ಲ."

ಹೌದು. ಆ ಸಾಫ್ಟ್‌ವೇರ್ ಬರೆದವರು ಕಣ್ಣಿದ್ದವರು. ಕಣ್ಣಿದ್ದವರೇ ಅದನ್ನು ಬಳಸುತ್ತಾರೆ ಎಂದುಕೊಂಡು ಬರೆದಿದ್ದರು. ಆ ಒಂದು ಸಾಲಿಗೆ ಬಾಯಿ ಕೊಡುವುದನ್ನು ಮರೆತಿದ್ದರು. ಎಲ್ಲೋ ಕೂತ ಯಾರದೋ ಸಣ್ಣ ಮರೆವಿಗೆ ಮಡಕಶಿರಾದ ವರಾಂಡದಲ್ಲಿ ಒಬ್ಬಾಕೆ ಬ್ಯಾಗು ಕಟ್ಟಿಕೊಂಡು ಕೂತಿದ್ದರು.

ರಿಪೇರಿ ಎಷ್ಟು ಹೊತ್ತಿನದು ಅಂತೀರಿ? ಶಾರದಮ್ಮನ ಮಷೀನು ನಿಲ್ಲಿಸಿ, ಹೊಸ ಅಡ್ರೆಸ್ಸು ಕೊಡುವ ಬಟನ್ ಒತ್ತಿ, ಮತ್ತೆ ಶುರು ಮಾಡಿದೆ. ಚಹಾ ಆರುವಷ್ಟೂ ಹೊತ್ತು ಹಿಡಿಯಲಿಲ್ಲ. ಬೇರೆ ಯಾವುದಾದರೂ ಜೋಡಿ ಹೀಗೇ ಇದೆಯೇ ಎಂದು ಎಲ್ಲವನ್ನೂ ನೋಡಿದೆ. ಇರಲಿಲ್ಲ.

ನಾಗರಾಜು ಸಾರ್ ಗೋಡೆ ಹಿಡಿದುಕೊಂಡು ನಿಂತೇ ಇದ್ದರು.

"ಮೇಡಂ, ಆಯಮ್ಮಂಗೆ ನಾನೇ ಹೇಳ್ತೀನಿ" ಎಂದರು.

ಹಾಲಿಗೆ ಬಂದು ಎಲ್ಲರ ಮುಂದೆಯೇ ಹೇಳಿದರು. ಸುತ್ತಿ ಬಳಸಿ ಮಾತಾಡಲಿಲ್ಲ.

"ಶಾರದಮ್ಮನೋರೇ, ತಪ್ಪು ನಿಮ್ದಲ್ಲ. ನಿಮ್ಗೆ ನಾನ್ ಕೊಟ್ಟಿದ್ ಮಷೀನೇ ಸರಿಯಿರ್ಲಿಲ್ಲ. ದಿನಾ ಬೈದೆ ನಿಮ್ಗೆ. ಮನಸಿಗ್ ಇಟ್ಕಾಬ್ಯಾಡಿ."

ಶಾರದಮ್ಮನಿಗೆ ಅರ್ಥವಾಗಲಿಲ್ಲ. ನನ್ನ ಕಡೆ ಮುಖ ತಿರುಗಿಸಿದರು.

"ಏನಂತಾರ್ರಿ ಸರ್ರು?"

"ನೀವು ಯಾವ ತಪ್ಪು ಕೀನೂ ಒತ್ತಿಲ್ಲ ಶಾರದಮ್ಮ. ಮೊದಲಿಂದ ಸರಿಯಾಗೇ ಮಾಡ್ತಿದ್ರಿ."

"ಇನ್ನೊಮ್ಮೆ ಹೇಳ್ರಿ."

ಹೇಳಿದೆ.

"ನಮ್ಮ ಮನೆಯವರಿಗೆ ಕೇಳಂಗ ಹೇಳ್ರಿ ಮೇಡಂ."

ತಿಪ್ಪೇಸ್ವಾಮಿ ಅಲ್ಲೇ ಇದ್ದರು. "ಕೇಳಿಸ್ತು ತೊಗೊ" ಎಂದರು.

ಆಗ ಶಾರದಮ್ಮ ಅತ್ತರು. ಮುಚ್ಚುಮರೆ ಇಲ್ಲದೆ, ಚಿಕ್ಕ ಮಕ್ಕಳ ಹಾಗೆ. ಯಾರೂ ಸಮಾಧಾನ ಮಾಡಲು ಹೋಗಲಿಲ್ಲ. ಆ ಅಳು ಬೇರೆಯದು ಎಂದು ಹಾಲಿನಲ್ಲಿದ್ದ ಎಲ್ಲ ಹೆಂಗಸರಿಗೂ ಗೊತ್ತಿತ್ತು. ಕಣ್ಣು ಹೋದ ಮೇಲೆ ಆಕೆಯ ಕೈಗೆ ಸಿಕ್ಕಿದ್ದೆಲ್ಲ ತಪ್ಪೇ ಆಗುತ್ತಿತ್ತು. ಸಾರಿಗೆ ಉಪ್ಪು ಹೆಚ್ಚು, ಲೋಟ ಬಿತ್ತು, ಬಾಗಿಲು ತಗುಲಿತು. ಎಲ್ಲಕ್ಕೂ ತಾನೇ ಕಾರಣ. ಎಷ್ಟೋ ಕಾಲದ ಮೇಲೆ ಒಂದು ತಪ್ಪು ತನ್ನದಲ್ಲ ಎಂದು ಯಾರೋ ಹೇಳಿದ್ದರು.

ಅಳು ನಿಂತ ಮೇಲೆ ಸೀಟಿನಲ್ಲಿ ಕೂತರು. ಹೆಡ್‌ಫೋನ್ ಹಾಕಿಕೊಂಡು ಟೈಪ್ ಮಾಡಿದರು. ಪಕ್ಕದಲ್ಲಿ ಲಕ್ಷ್ಮೀದೇವಿ ಕೈ ಕಟ್ಟಿಕೊಂಡು ಕೂತಿದ್ದಳು. ಅವಳಿಗೆ ಇನ್ನೂ ಧೈರ್ಯ ಸಾಲದು.

"ನೀನೂ ಒತ್ತೇ" ಎಂದೆ.

"ಬ್ಯಾಡಕ್ಕಾ, ನಿಂತೋಯ್ತದೆ."

"ನಿಲ್ಲಲ್ಲ. ಒತ್ತು."

ಒಂದೇ ಬೆರಳಿನಿಂದ ಒಂದು ಅಕ್ಷರ ಒತ್ತಿದಳು. ಕಿವಿ ಪಕ್ಕಕ್ಕೆ ವಾಲಿತು. ಶಾರದಮ್ಮನ ಕಂಪ್ಯೂಟರು ಮಾತು ನಿಲ್ಲಿಸಲಿಲ್ಲ. ಇನ್ನೊಂದು ಅಕ್ಷರ. ಇನ್ನೊಂದು. ಆಮೇಲೆ ಹತ್ತೂ ಬೆರಳು ಇಳಿಸಿದಳು ನೋಡಿ, ನಾಗರಾಜು ಸಾರ್ ನಿಂತಲ್ಲೇ ತಲೆ ಎತ್ತಿದರು.

"ಎಲ್ಲೋಗಿತ್ತೇ ಈ ಸ್ಪೀಡು ಇಷ್ಟ್ ದಿನ?" ಎಂದರು.

ಲಕ್ಷ್ಮೀದೇವಿ ತಲೆ ತಗ್ಗಿಸಿ ಒತ್ತುತ್ತಲೇ ಹೋದಳು. ನಾನೂ ಬಾಯಿ ಬಿಡಲಿಲ್ಲ, ಮಾತು ಕೊಟ್ಟಿದ್ದೆನಲ್ಲ. ಆದರೆ ಶಾರದಮ್ಮ ಟೈಪ್ ಮಾಡುವುದನ್ನು ನಿಲ್ಲಿಸಿದರು. ನಿಧಾನವಾಗಿ ಪಕ್ಕಕ್ಕೆ ಕೈ ಚಾಚಿದರು. ಹುಡುಗಿಯ ಮೊಣಕೈ ಸಿಕ್ಕಿತು. ಅಲ್ಲಿಂದ ಮುಂಗೈ, ಅಲ್ಲಿಂದ ಬೆರಳು.

"ಏ ಲಕ್ಷ್ಮೀ, ನೀನು ಸುಮ್ಮನಿದ್ದಾಗ ಮಾತ್ರ ನಂದು ನಡೀತಿತ್ತೇನು?"

"ಊಂ ಕಣಕ್ಕಾ."

"ಅದಕ್ಕ ನೀನು ಸುಮ್ಮನ ಕುಂದರ್ತಿದ್ದೇನು?"

ಶಾರದಮ್ಮ ಹುಡುಗಿಯ ಕೈಯನ್ನು ಎತ್ತಿ ತಮ್ಮ ಕೆನ್ನೆಗೆ ಒತ್ತಿಕೊಂಡರು. ಅಷ್ಟೇ. ಇಬ್ಬರೂ ಮತ್ತೆ ಕೆಲಸಕ್ಕೆ ತೊಡಗಿದರು. ಎರಡು ಕೀಬೋರ್ಡುಗಳೂ ಒಟ್ಟಿಗೆ ನಡೆದವು.

ವಾಪಸ್ ಬರುವಾಗ ತಿಪ್ಪೇಸ್ವಾಮಿ ಒಬ್ಬರೇ ಬಂದರು. ಹೆಂಡತಿ ಬರುವುದಿಲ್ಲ ಎಂದಿದ್ದರು. ಅಷ್ಟೇ ಅಲ್ಲ, "ಶೇಂಗಾ ಚಟ್ನಿಪುಡಿ ತರಲಿಲ್ಲೇನು ಬರಿಗೈಲೆ ಬಂದೀರಿ?" ಎಂದು ದಬಾಯಿಸಿ ಬೇರೆ ಕಳಿಸಿದ್ದರು. (ಕರೆದುಕೊಂಡು ಹೋಗಲು ಬಂದವನು ಚಟ್ನಿಪುಡಿ ಯಾಕೆ ತರುತ್ತಾನೆ? ಈ ಪ್ರಶ್ನೆಯನ್ನು ಅವರು ನನಗೆ ಎರಡು ಸಲ ಕೇಳಿದರು.)

ಬಸ್ಸು ಮಡಕಶಿರಾ ದಾಟಿತು. ಆ ಊರಿನ ಬೆಟ್ಟ ಹಿಂದೆ ಸರಿಯಿತು. ಹೊಲಗಳಲ್ಲಿ ಬಿಸಿಲು.

"ಒಂದ್ ಮಾತು ಹೇಳ್ಲೇನ್ರಿ ಮೇಡಂ? ನಗಬಾರ್ದು ನೀವು."

"ಹೇಳಿ."

"ಮುಂಜಾನೆ ಬರೋವಾಗ ಒಳಗೊಳಗ ನನಗ ಖುಷಿನೂ ಆಗಿತ್ರಿ. ಆಕಿ ಮನೀಗೆ ಬಂದುಬಿಡ್ತಾಳಲ್ಲ ಅಂತ. ಆಕಿ ಇಲ್ದ ಮನಿ ಮನಿ ಅನ್ನಿಸಂಗಿಲ್ರಿ. ಆಕಿ ಅಳೋದು ಕೇಳಿ ಸಂಕಟಾನೂ ಆಗ್ತಿತ್ತು, ಬರ್ತಾಳ ಅಂತ ಖುಷಿನೂ ಆಗ್ತಿತ್ತು. ಇದೆಂಥ ಮನಸ್ರಿ ನಂದು?"

ನಾನು ನಗಲಿಲ್ಲ. ಪ್ರೀತಿಸುವವರ ಮನಸ್ಸು ಹಾಗೇ ಇರುತ್ತದೆ ಎಂದು ಹೇಳಬೇಕೆನ್ನಿಸಿತು, ಆದರೆ ಆ ಪದವನ್ನು ಬಸ್ಸಿನಲ್ಲಿ ಆಡುವುದು ಹೇಗೆ? "ಮುಂದಿನ ವಾರ ಚಟ್ನಿಪುಡಿ ತಗೊಂಡು ಹೋಗಿ ಬನ್ನಿ" ಎಂದೆ. ತಲೆ ಆಡಿಸಿದರು.

ಸೋಮವಾರ ಟೆಸ್ಟು ನಡೆಯಿತು. ಸಂಜೆ ಫೋನ್ ಮಾಡಿದ್ದು ಶಾರದಮ್ಮನೇ.

ಲಕ್ಷ್ಮೀದೇವಿ ಪಾಸು. ಅಭ್ಯಾಸ ಬಿಟ್ಟು ಕೂತಿದ್ದರೂ ಪಾಸು. ಬೆರಳು ಮರೆತಿರಲಿಲ್ಲ.

"ಮತ್ತೆ ನೀವು?"

"ನಾ ಫೇಲ್ ಆದ್ನಿರಿ!"

ಆ ಕಡೆಯ ದನಿಯಲ್ಲಿ ಅಳುವಿರಲಿಲ್ಲ. ನಗು ಇತ್ತು.

"ಯಾಕ ಸುಮ್ಮಗಾದ್ರಿ ಮೇಡಂ? ಸ್ಪೀಡ್ ಸಾಲ್ಲಿಲ್ರಿ ನಂದು. ಕಂಪ್ಯೂಟ್ರು ಎಲ್ಲಾ ಬರೋಬ್ಬರಿ ಇತ್ತು. ಈ ಸಲ ಕಮ್ಮಿ ಬಿದ್ದಿದ್ದು ನಾನ. ನಂದು ಅಂತ ಗೊತ್ತಾದ್ರ ತಿದ್ಕೊಬಹುದಲ್ರಿ? ಮುಂದಿನ ಬ್ಯಾಚಿಗೂ ಇರು ಅಂದಾರ ಸರ್ರು. ಲಕ್ಷ್ಮೀನೂ ಕೆಲಸಕ್ಕ ಹೋಗಾಕ ಇನ್ನ ಟೈಮ್ ಐತಿ, ಅಲ್ಲಿ ತನಕ ಮುಂಜಾನೆ ಸಂಜೀಕ ನನಗ ಕುಂದರಿಸಿ ಮಾಡಿಸ್ತಾಳಂತ."

ಹಿಂದಿನಿಂದ ಯಾರೋ ಕೂಗಿದ್ದು ಕೇಳಿಸಿತು. "ಶಾರದಕ್ಕಾ, ಮಾತು ಸಾಕು ಬಾರಕ್ಕಾ!"

"ಇಡ್ತೀನ್ರಿ. ಟೀಚರಮ್ಮ ಕರೀತದ" ಎಂದು ಫೋನ್ ಇಟ್ಟರು.

ಊರಿನ ಎಷ್ಟೋ ಆಫೀಸು, ಅಂಗಡಿ, ಶಾಲೆಗಳ ಕಂಪ್ಯೂಟರ್ ನೋಡಿದ್ದೇನೆ. ಕೆಟ್ಟಿದ್ದು ಎಲ್ಲಿ ಎಂದು ಹುಡುಕುವುದೇ ನನ್ನ ಕೆಲಸ. ಸರಿಯಾಗಿ ನಡೆಯುತ್ತಿರುವುದು ಯಾರ ದಯೆಯಿಂದ ಎಂದು ಹುಡುಕಿದ್ದು ಇದೇ ಮೊದಲು.

ಇವತ್ತು ನಿಮ್ಮ ಕೆಲಸ ಯಾವ ತೊಡಕೂ ಇಲ್ಲದೆ ಸಲೀಸಾಗಿ ಸಾಗಿದ್ದರೆ, ಪಕ್ಕದಲ್ಲಿ ಯಾರು ಸುಮ್ಮನೆ ಕೂತಿದ್ದರು ಎಂದು ಒಮ್ಮೆ ನೋಡಿದಿರಾ?